ಆಕಾಶದಲ್ಲಿ ಬಿಟ್ಟ ಜಾಗ

"ನನ್ನ ಸೇತುವೆ ಎಲ್ಲಿ?"

ಟಿಲ್ಲಿ ತಲೆ ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ. ಅವಳ ನಿಬ್ಬು ಒಂದು ಅಕ್ಷರದ ಹೊಟ್ಟೆಯನ್ನು ಸುತ್ತಿ ಬರುತ್ತಿತ್ತು. ಅರ್ಧದಲ್ಲಿ ನಿಲ್ಲಿಸಿದರೆ ಆ ಹೊಟ್ಟೆ ಒಡೆದು ಮಸಿ ಹಾಳೆಯ ಮೇಲೆಲ್ಲ ಹರಡುತ್ತದೆ.

"ನಿಮ್ಮನ್ನೇ ಕೇಳ್ತಿರೋದು! ಸೇತುವೆ ಎಲ್ಲಿ ಹೋಯ್ತು?"

"ಸೇತುವೆ ಕಳೆದುಹೋಗಿದ್ರೆ ಪೊಲೀಸರಿಗೆ ಹೇಳಿ," ಎಂದಳು ಟಿಲ್ಲಿ, ಅಕ್ಷರ ಮುಗಿಸಿ. "ನಾನು ಬರೀ ಅಕ್ಷರ ಬರೆಯೋಳು."

ಆಮೇಲೆ ನೋಡಿದಳು. ಎದುರಿಗೆ ನಿಂತವನ ಕೈಯಲ್ಲಿ ಆ ತಿಂಗಳ ಕಾಮಿಕ್ ಪುಸ್ತಕ ಕೋಳಿಯ ಕತ್ತು ಹಿಸುಕಿದ ಹಾಗೆ ಸುರುಳಿಯಾಗಿತ್ತು. ಕಿವಿಯ ಹಿಂದೆ ಪೆನ್ಸಿಲ್. ಕಣ್ಣಲ್ಲಿ ಕೆಂಡ. ಮೂಗಿನ ತುದಿಯಲ್ಲಿ ಸೀಸದ ಕಪ್ಪು.

*ಕೋಪ ಮಾಡ್ಕೊಳ್ಳೋಕೆ ಬಂದೋರು ಮೂಗು ಒರೆಸ್ಕೊಂಡಾದ್ರೂ ಬರಬಾರದಾ...* ಎಂದುಕೊಂಡಳು. ಅಷ್ಟರಲ್ಲಿ ಅವನು ಪುಸ್ತಕ ಬಿಡಿಸಿ ಅವಳ ಮೇಜಿನ ಮೇಲೆ ಅಪ್ಪಳಿಸಿದ.

"ಇಲ್ಲಿ! ಈ ಚಿತ್ರ. ಕೂತು ಕೂತು ಒಂದೊಂದು ಉಕ್ಕಿನ ಹಗ್ಗವನ್ನೂ ಬರೆದಿದ್ದೆ. ಅದರ ಮೇಲೆ ನೀವು ಮಾತಿನ ಗುಳ್ಳೆ ಕೂರಿಸಿದ್ದೀರಿ. ಗುಳ್ಳೆನಾ ಇದು? ಸರ್ಕಸ್ ಡೇರೆ!"

"ನಿಮ್ಮ ಗಂಟೆವೀರ ಸೇತುವೆಯಿಂದ ಬೀಳ್ತಾ ಬೀಳ್ತಾ ತನ್ನ ಬಾಲ್ಯದ ಕಥೆ ಪೂರ್ತಿ ಹೇಳ್ತಾನೆ, ಮಿಸ್ಟರ್. ಅಷ್ಟು ಮಾತನ್ನ ಎಲ್ಲಿಡ್ಲಿ? ಅವನ ಜೇಬಲ್ಲಾ?"

"ಅವನಿಗೆ ಜೇಬಿಲ್ಲ!"

"ಅದೇ ಮತ್ತೆ ತೊಂದರೆ!"

ಗಾಜಿನ ಗೋಡೆಯ ಆಚೆಯಿಂದ ಸಂಪಾದಕ ಮೋ ಫ್ಲೀಗ್ಲರ್ ಕೂಗಿದ: "ಜಗಳ ಶುರುವಾಯ್ತಾ? ಒಳ್ಳೇದು! ಮೊದಲು ಜಗಳ, ಆಮೇಲೆ ಸ್ನೇಹ. ನಮ್ಮ ಪುಸ್ತಕದ ನಿಯಮಾನೇ ಅದು. ಆದ್ರೆ ಸ್ನೇಹ ಬೇಗ ಮಾಡ್ಕೊಳ್ಳಿ ಮಕ್ಕಳೇ, ಪ್ರೆಸ್ಸಿನೋರು ಕಾಯ್ತಿದ್ದಾರೆ!"

ಚಿತ್ರಗಾರ ಎಫ್ರೇನ್ ಕಿಂಟಾನಾ ಪುಸ್ತಕ ಎತ್ತಿಕೊಂಡು ಹೊರಟುಹೋದ. ಬಾಗಿಲು ಧಡ್ ಎಂದಿತು. ಟಿಲ್ಲಿಯ ಮಸಿ ಕುಡಿಕೆ ಅಲುಗಾಡಿತು.

ಅದರ ಜೊತೆಗೆ ಇನ್ನೇನೋ ಒಂದು ಅಲುಗಾಡಿತ್ತು. ಅದನ್ನು ಟಿಲ್ಲಿ ಆಗ ಒಪ್ಪಿಕೊಳ್ಳುತ್ತಿರಲಿಲ್ಲ.

*

ಎಪ್ಪತ್ತರ ದಶಕದ ನ್ಯೂಯಾರ್ಕ್. ಕಾಮಿಕ್ಸ್ ಲೋಕದಲ್ಲಿ ದೊಡ್ಡ ಪ್ರಕಾಶನಗಳು ದೊಡ್ಡ ಬೀದಿಯಲ್ಲಿದ್ದವು. ಕೆಟಲ್‌ಮನ್ ಪ್ರಕಾಶನ ಒಂದು ಹಲ್ಲಿನ ಡಾಕ್ಟರ ಮಹಡಿಯ ಮೇಲಿತ್ತು. ಕೆಳಗೆ ಡ್ರಿಲ್ ಶುರುವಾದಾಗಲೆಲ್ಲ ಮೇಲಿನವರ ಗೆರೆ ನಡುಗುತ್ತಿತ್ತು. ಹಳೆಯ ಸಂಚಿಕೆಗಳಲ್ಲಿ ವಿನಾಕಾರಣ ಭೂಕಂಪ ಕಾಣಿಸಿದರೆ ಕಾರಣ ಇದೇ.

ಆ ಪ್ರಕಾಶನದ ಹೆಸರು ನಿಂತಿದ್ದದ್ದು 'ಜೋಡಿವೀರರು' ಎಂಬ ಮಾಸಿಕದ ಮೇಲೆ. ಅದರ ನಾಯಕ ಗಂಟೆವೀರ. ಚರ್ಚಿನ ಗೋಪುರದಲ್ಲಿ ಗಂಟೆ ಬಾರಿಸುತ್ತಿದ್ದ ಬಡಪಾಯಿ; ಸಿಡಿಲು ಬಡಿದ ಮೇಲೆ ಅವನು ಚಪ್ಪಾಳೆ ತಟ್ಟಿದರೆ ಗೋಡೆ ಉರುಳುತ್ತಿತ್ತು. ಪ್ರತಿ ತಿಂಗಳೂ ಬೇರೆ ಪುಸ್ತಕದ ಒಬ್ಬ ವೀರ ಅವನ ಊರಿಗೆ ಅತಿಥಿಯಾಗಿ ಬರುತ್ತಿದ್ದ. ಯಾವುದೋ ತಪ್ಪು ತಿಳಿವಳಿಕೆಯಿಂದ ಇಬ್ಬರೂ ಹೊಡೆದಾಡುತ್ತಿದ್ದರು. ಆಮೇಲೆ ನಿಜವಾದ ಖಳ ಕಾಣಿಸುತ್ತಿದ್ದ. ಇಬ್ಬರೂ ಸೇರಿ ಅವನನ್ನು ಬಡಿಯುತ್ತಿದ್ದರು. ಕೊನೆಯ ಚಿತ್ರದಲ್ಲಿ ಕೈ ಬೀಸಿ ಬೇರೆಯಾಗುತ್ತಿದ್ದರು.

ಪ್ರತಿ ತಿಂಗಳೂ ಇದೇ! ಮತ್ತು ಪ್ರತಿ ತಿಂಗಳೂ ಜನ ಕೊಳ್ಳುತ್ತಿದ್ದರು!

ಟಿಲ್ಲಿ ಮಾರ್ಕೆಸಾನೋಗೆ ಇದೇ ಅರ್ಥವಾಗದ ಸಂಗತಿ. ಬ್ರೂಕ್ಲಿನ್ನಿನ ಬೆನ್ಸನ್‌ಹರ್ಸ್ಟ್‌ನಲ್ಲಿ ಮದುವೆ ಕರೆಯೋಲೆಗಳಿಗೆ ಅಕ್ಷರ ಬರೆಯುತ್ತಿದ್ದವಳು ಈ ಕೆಲಸಕ್ಕೆ ಬಂದು ವರ್ಷ ತುಂಬಿರಲಿಲ್ಲ. ಲೇಖಕ ಕಥೆ, ಮಾತು ಎಲ್ಲ ಬರೆದು ಕೊಡುತ್ತಾನೆ. ಚಿತ್ರಗಾರ ಪೆನ್ಸಿಲಲ್ಲಿ ಚಿತ್ರ ಬರೆಯುತ್ತಾನೆ. ಆ ಚಿತ್ರದ ಮೇಲೆ ಟಿಲ್ಲಿ ಗುಳ್ಳೆ ಸುತ್ತಿ, ಅದರೊಳಗೆ ಮಾತು ಬರೆದು, ಗುಳ್ಳೆಗೊಂದು ಬಾಲ ಎಳೆಯುತ್ತಾಳೆ. ಬಾಲ ಯಾರ ಬಾಯಿ ಕಡೆಗಿದೆಯೋ ಮಾತು ಅವರದು. ಕೊನೆಗೆ ಇನ್ನೊಬ್ಬರು ಚಿತ್ರಕ್ಕೆ ಮಸಿ ಹಚ್ಚುತ್ತಾರೆ.

ದಿನವಿಡೀ ಮಾತು ಬರೆಯುತ್ತಿದ್ದಳು. ಒಂದೂ ಅವಳದಲ್ಲ.

*ಇವರು ಯಾಕೆ ಮೊದಲು ಹೊಡೆದಾಡಬೇಕು? ಮೊದಲೇ ಮಾತಾಡಿದ್ರೆ ಆಗಲ್ವಾ?*

ಮೋನನ್ನು ಕೇಳಿದಳು. ಅವನು ಹೊಟ್ಟೆಯುರಿಯ ಮಾತ್ರೆ ಅಗಿಯುತ್ತ ಹೇಳಿದ: "ಮಗಳೇ, ಇವನ ಅಭಿಮಾನಿಗಳೂ ಕೊಳ್ತಾರೆ, ಅವನ ಅಭಿಮಾನಿಗಳೂ ಕೊಳ್ತಾರೆ. ಯಾರು ಗೆದ್ರು ಅಂತ ಇಬ್ರೂ ಹುಡುಕ್ತಾರೆ. ಯಾರೂ ಗೆಲ್ಲಲ್ಲ. ಅದಕ್ಕೇ ಮುಂದಿನ ತಿಂಗಳೂ ಕೊಳ್ತಾರೆ."

ಲೇಖಕ ಡ್ವೈಟ್ ಪೆಲ್ಹಾಮ್‌ನನ್ನು ಕೇಳಿದಳು. ಅವನು ಗ್ರೀಕರಿಂದ ಶುರು ಮಾಡಿದ. ರೋಮ್ ತಲುಪುವ ಹೊತ್ತಿಗೆ ಟಿಲ್ಲಿ ಒಂದಿಡೀ ಪುಟ ಬರೆದು ಮುಗಿಸಿದ್ದಳು.

ಭಾನುವಾರ ಮಧ್ಯಾಹ್ನ ಊಟಕ್ಕೆ ಹೋದಾಗ ಕಾರ್ಮೆಲಾ ಅತ್ತೆಯನ್ನೂ ಕೇಳಿದಳು. ಅತ್ತೆ ಟೊಮೆಟೊ ಸಾರು ತಿರುವುತ್ತ, ಸೌಟಿನಿಂದ ಗಂಡನನ್ನು ತೋರಿಸಿದಳು.

"ನೋಡು, ಅಲ್ಲಿ ಕೂತಿದೆಯಲ್ಲ, ಆ ಮಹಾನುಭಾವ. ಮೊದಲನೇ ಸಲ ಸಿಕ್ಕಾಗ ನನ್ನ ಕಾಲು ತುಳಿದ. ನಾನು ಕೊಡೆಯಲ್ಲಿ ಹೊಡೆದೆ. ಹೊಡೆಸ್ಕೊಂಡು ನಕ್ಕ ನೋಡು... ಆಗ ಗೊತ್ತಾಯ್ತು. ಹೊಡೆತ ತಿಂದಾಗ ಏನು ಮಾಡ್ತಾರೋ ಅದೇ ಕಣೇ ಮನುಷ್ಯನ ತೂಕ."

"ನಾನು ನಗಲಿಲ್ಲ, ನೋವಾಗಿತ್ತು," ಎಂದರು ಮಾವ ಪತ್ರಿಕೆಯ ಹಿಂದಿನಿಂದ.

"ಮಾತಾಡ್ಬೇಡಿ, ಕಥೆ ಹಾಳಾಗತ್ತೆ!"

*

ಮುಂದಿನ ಸಂಚಿಕೆಯ ಪುಟಗಳನ್ನು ಎಫ್ರೇನ್ ತಾನೇ ತಂದ. ಬಾಗಿಲಲ್ಲಿ ನಿಂತ. ಗಂಟಲು ಸರಿಮಾಡಿಕೊಂಡ.

"ಮಿಸ್ ಮಾರ್ಕೆಸಾನೋ... ಅವತ್ತು ಕೂಗಾಡಿದ್ದು ತಪ್ಪಾಯ್ತು."

"ಮೂಗು ಒರೆಸ್ಕೊಂಡು ಬಂದಿದ್ದೀರಿ," ಎಂದಳು ಟಿಲ್ಲಿ. "ಹಾಗಾದ್ರೆ ಸಂಧಾನಾನೇ ಇರಬೇಕು."

ಅವನು ಗಾಬರಿಯಿಂದ ಮೂಗು ಮುಟ್ಟಿಕೊಂಡ. ಬೆರಳಿನ ಸೀಸ ಅಂಟಿ ಮೂಗು ಮತ್ತೆ ಕಪ್ಪಾಯಿತು. ಟಿಲ್ಲಿ ನಗು ತಡೆಯಲಾಗದೆ ಮುಖ ತಿರುಗಿಸಿದಳು.

"ನಮ್ಮಪ್ಪ ಸೇತುವೆಗೆ ಬಣ್ಣ ಬಳೀತಿದ್ರು," ಎಂದ ಅವನು ಇದ್ದಕ್ಕಿದ್ದಂತೆ. "ಜಾರ್ಜ್ ವಾಷಿಂಗ್ಟನ್ ಸೇತುವೆ. ನಮ್ಮ ಮನೆ ಕಿಟಕಿಯಿಂದ ಕಾಣ್ಸತ್ತೆ. ಪೋರ್ಟೊರಿಕೋದಿಂದ ಬಂದು ಅವರು ಮಾಡಿದ್ದು ಅದೊಂದೇ ಕೆಲಸ. ಈ ತುದಿಯಿಂದ ಆ ತುದಿಗೆ ಬಳಿಯೋದು, ಮತ್ತೆ ಈ ತುದಿಯಿಂದ ಶುರು. ಅದಕ್ಕೇ ಆ ಹಗ್ಗಗಳು ಮುಚ್ಚಿಹೋದಾಗ..." ಅವನು ನಿಲ್ಲಿಸಿದ.

ಟಿಲ್ಲಿಯ ಕೈಯಲ್ಲಿದ್ದ ನಿಬ್ಬು ಹಾಗೇ ಒಣಗಿತು.

*ಅಯ್ಯೋ! ನಾನು ಒಬ್ಬ ಅಪ್ಪನ ಮೇಲೆ ಗುಳ್ಳೆ ಕೂರಿಸಿದೆನಾ...*

"ಒಂದು ಉಪಾಯ ಇದೆ," ಎಂದಳು ಮೆಲ್ಲಗೆ. "ಮೊದಲು ನೀವು ಮನುಷ್ಯರನ್ನ ಮಾತ್ರ ಬರೆದು ಕೊಡಿ. ನಾನು ಮಾತು ಬರೀತೀನಿ. ಆಮೇಲೆ ಪುಟ ನಿಮ್ಮ ಹತ್ರ ವಾಪಸ್ ಬರತ್ತೆ. ಉಳಿದ ಜಾಗದಲ್ಲಿ ನೀವು ಎಷ್ಟು ಬೇಕಾದ್ರೂ ಸೇತುವೆ ಕಟ್ಕೊಳ್ಳಿ."

"ಡ್ವೈಟ್ ಬರೆಯೋ ಮಾತಿಗೆ ಜಾಗ ಉಳಿದ್ರೆ ತಾನೇ?"

ಹೀಗೆ ಅವರಿಗೊಬ್ಬ ಸಮಾನ ಖಳನೂ ಸಿಕ್ಕ.

ಇಬ್ಬರೂ ಸೇರಿ ಡ್ವೈಟ್‌ನ ಮಾತುಗಳ ಮೇಲೆ ದಂಡೆತ್ತಿ ಹೋದರು. "ಇವನು ಗುದ್ದುತ್ತಿರೋದು ಚಿತ್ರದಲ್ಲೇ ಕಾಣ್ತಿದೆ, 'ಇಗೋ ಗುದ್ದುತ್ತೇನೆ' ಅಂತ ಯಾಕೆ ಹೇಳಬೇಕು?" ಎಂದು ಟಿಲ್ಲಿ. "ಸಾಯೋನು ಇಷ್ಟು ಮಾತಾಡಿದ್ರೆ ಆಸ್ಪತ್ರೆಗೆ ನಡ್ಕೊಂಡೇ ಹೋಗಬಹುದಿತ್ತು," ಎಂದು ಎಫ್ರೇನ್. ಮೋ ಕೆಂಪು ಪೆನ್ಸಿಲ್ ಎತ್ತಿಕೊಂಡ. ಡ್ವೈಟ್ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅದನ್ನೂ ಕಚೇರಿ ಗೆಲುವೆಂದೇ ಎಣಿಸಿತು.

*

ಮಧ್ಯಾಹ್ನದ ಹೊತ್ತು ಅವರು, ಬೆಂಕಿ ಬಿದ್ದರೆ ಇಳಿಯಲೆಂದು ಗೋಡೆಯ ಹೊರಗೆ ಹಾಕಿದ್ದ ಕಬ್ಬಿಣದ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು. ಅವಳದು ಅತ್ತೆ ಕಟ್ಟಿಕೊಟ್ಟ ಬದನೆಕಾಯಿ ಹಾಕಿದ ಬ್ರೆಡ್ಡು. ಅವನದು ಮಾಂಸ ತುಂಬಿ ಕರಿದ ಕಡುಬು. ಯಾರದ್ದು ಯಾರು ತಿನ್ನುತ್ತಿದ್ದರು ಎಂಬುದು ಕೆಲವೇ ದಿನಗಳಲ್ಲಿ ಗೋಜಲಾಯಿತು. ಅವನು ಹಳೆಯ ಸಂಚಿಕೆಗಳನ್ನು ತರುತ್ತಿದ್ದ. ಅವಳು ಓದಿ, ತಲೆಯೆತ್ತಿ, ಪ್ರಶ್ನೆ ಕೇಳುತ್ತಿದ್ದಳು.

"ಇದರಲ್ಲಿ ಏನು ಮಜಾ ಅಂತ ನಿಜವಾಗ್ಲೂ ಹೇಳಿ. ಮೋ ಹೇಳಿದ್ದು ವ್ಯಾಪಾರ. ಡ್ವೈಟ್ ಹೇಳಿದ್ದು ಇನ್ನೂ ಮುಗಿದಿಲ್ಲ. ನೀವು ಹೇಳಿ."

ಎಫ್ರೇನ್ ಕೈಯ ಎಣ್ಣೆ ಒರೆಸಿಕೊಂಡ.

"ಗಂಟೆವೀರನನ್ನ ಎಷ್ಟೋ ವರ್ಷದಿಂದ ಬರೀತಿದ್ದೀನಿ. ಅವನ ಸ್ವಂತ ಪುಸ್ತಕದಲ್ಲಿ ಅವನೇ ದೊಡ್ಡೋನು. ಸುತ್ತ ಇರೋರೆಲ್ಲ ಸಣ್ಣ ಮನುಷ್ಯರು. ಅವನ ಎತ್ತರ ಎಷ್ಟು ಅಂತ ನಂಗೆ ಗೊತ್ತೇ ಇರ್ಲಿಲ್ಲ, ಗೊತ್ತಾ? ಮೊದಲನೇ ಸಲ ಇನ್ನೊಬ್ಬ ವೀರನ ಪಕ್ಕ ನಿಲ್ಲಿಸಿದಾಗ ಪೆನ್ಸಿಲ್ ನಿಂತುಬಿಡ್ತು. ಯಾರು ಉದ್ದ? ಯಾರು ಮೊದಲು ಕೈ ಚಾಚ್ತಾರೆ? ಇವನ ತಮಾಷೆಗೆ ಅವನು ನಗ್ತಾನಾ? ಗಂಟೆವೀರನ ಸೋಲು, ಗುಟ್ಟು ಓದೋರಿಗೆಲ್ಲ ಗೊತ್ತು. ಪಕ್ಕದಲ್ಲಿ ನಿಂತಿರೋನಿಗೆ ಮಾತ್ರ ಗೊತ್ತಿಲ್ಲ. ಹೇಳ್ತಾನಾ, ಮುಚ್ಚಿಡ್ತಾನಾ..." ಅವನು ನಾಚಿದ. "ಹಳೇ ಗೆಳೆಯನನ್ನ ಹೊಸಬರ ಕಣ್ಣಿಂದ ನೋಡೋ ಮಜಾ. ಅಷ್ಟೇ."

ಟಿಲ್ಲಿ ತನಗೇ ತಿಳಿಯದ ಹಾಗೆ ಎದ್ದು, ಅವನನ್ನೂ ಎಬ್ಬಿಸಿ, ಅದೇ ಮೆಟ್ಟಿಲಲ್ಲಿ ಪಕ್ಕಕ್ಕೆ ನಿಂತು ನೋಡಿದಳು. ಅವನ ಭುಜದವರೆಗೆ ಬಂದಳು.

"ಏನು ಮಾಡ್ತಿದ್ದೀರಿ?"

"ಎತ್ತರ ನೋಡ್ತಿದ್ದೀನಿ," ಎಂದಳು. ಕಿವಿ ಬಿಸಿಯಾಯಿತು. ಬೇಗ ಬೇಗ ಕೇಳಿದಳು: "ಸರಿ, ಕೊನೆಯಲ್ಲಿ ಯಾಕೆ ಬೇರೆಯಾಗ್ತಾರೆ? ಪ್ರತಿ ತಿಂಗಳೂ ಅದೇ ಮಾತು ಬರೆದೂ ಬರೆದೂ ಸಾಕಾಗಿದೆ. 'ನಮ್ಮ ದಾರಿಗಳು ಮತ್ತೆ ಕೂಡುವವರೆಗೆ ವಿದಾಯ, ಗೆಳೆಯಾ!' ಅಷ್ಟೆಲ್ಲ ಆದ್ಮೇಲೆ ಹಾಗೆ ಹೊರಟುಹೋಗೋದಾ?"

"ಮುಂದಿನ ತಿಂಗಳು ಬೇರೆ ಅತಿಥಿ ಬರಬೇಕಲ್ಲ."

ಹೇಳಿದ್ದು ಸರಳ ಸತ್ಯ. ಆದರೂ ಟಿಲ್ಲಿ ಉಳಿದ ಕಡುಬನ್ನು ಹಾಗೇ ಕಾಗದದಲ್ಲಿ ಸುತ್ತಿಟ್ಟಳು.

*

ಬೇಸಿಗೆ ಮುಗಿಯುವ ಹೊತ್ತಿಗೆ ಮೋ ಎಲ್ಲರನ್ನೂ ಕರೆದು, ಹೊಟ್ಟೆ ಹಿಡಿದುಕೊಂಡು ಹೇಳಿದ:

"'ಜೋಡಿವೀರರು' ನಿಲ್ತಿದೆ. ಇನ್ನೊಂದೇ ಸಂಚಿಕೆ. ಅತಿಥಿ ಕನ್ನಡಿಕನ್ಯೆ. ಅವನದು ಸದ್ದು, ಅವಳದು ಬೆಳಕು. ಇಡೀ ಕಥೆ ಸೇತುವೆ ಮೇಲೆ. ಎಫ್ರೇನ್, ನಿಂಗೆ ನನ್ನ ಬೀಳ್ಕೊಡುಗೆ ಅಂತ ತಿಳ್ಕೊ. ಹೇಗೂ ನೀನು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೀಯಲ್ಲ."

ಟಿಲ್ಲಿ ತಿರುಗಿ ನೋಡಿದಳು. ಎಫ್ರೇನ್ ನೆಲ ನೋಡುತ್ತಿದ್ದ.

"ಕಾರ್ಟೂನ್ ಸ್ಟುಡಿಯೋದವರು ಕರೆದಿದ್ದಾರೆ," ಎಂದ. "ಇನ್ನೂ ಹೂಂ ಅಂದಿಲ್ಲ."

"ಅನ್ನದೇ ಏನು? ಇಲ್ಲಿ ಏನಿದೆ ನಿಂಗೆ?" ಎಂದ ಮೋ.

ಎಫ್ರೇನ್ ತಲೆ ಎತ್ತಿದ. ಟಿಲ್ಲಿಯ ಕಡೆ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ... ಕೆಳಗಿನ ಮಹಡಿಯಲ್ಲಿ ಡ್ರಿಲ್ ಶುರುವಾಯಿತು.

*ಕಾರ್ಟೂನ್... ಅಲ್ಲಿ ಗೊಂಬೆಗಳು ಬಾಯಿಬಿಟ್ಟೇ ಮಾತಾಡ್ತವೆ. ಗುಳ್ಳೆ ಇರಲ್ಲ. ಅಕ್ಷರ ಬರೆಯೋಳು ಬೇಕಾಗಲ್ಲ.* ಟಿಲ್ಲಿ ಮೇಜಿಗೆ ಮರಳಿ, ತೊಳೆದ ನಿಬ್ಬನ್ನೇ ಮತ್ತೆ ತೊಳೆದಳು. *ನನ್ನ ಹತ್ರ ಒಂದು ಮಾತೂ ಹೇಳಲಿಲ್ಲ. ಮೆಟ್ಟಿಲ ಮೇಲೆ ಅಷ್ಟು ದಿನ... ಒಂದು ಮಾತು!*

ಕೊನೆಯ ಸಂಚಿಕೆಯ ಪುಟಗಳು ಬಂದವು.

ಎಂಥ ಪುಟಗಳು! ಗಂಟೆವೀರನ ಮುಖದಲ್ಲಿ ಹಿಂದೆಂದೂ ಇಲ್ಲದ ಒಂದು ಹಿಂಜರಿಕೆ. ಕನ್ನಡಿಕನ್ಯೆಯ ಮೂಗು ಸ್ವಲ್ಪ ಇಟಾಲಿಯನ್ ಎಂದು ಕಚೇರಿಯವರೆಲ್ಲ ಗಮನಿಸಿದರು, ಟಿಲ್ಲಿಯ ಹೊರತು. ಅವಳು ಗಮನಿಸಿದ್ದು ಬೇರೆ. ಪ್ರತಿ ಚಿತ್ರದಲ್ಲೂ ಇಬ್ಬರೂ ಸ್ವಲ್ಪ ಪಕ್ಕಕ್ಕೆ ಸರಿದು, ತಲೆ ವಾಲಿಸಿ, ಮೇಲಿನ ಖಾಲಿ ಆಕಾಶವನ್ನು ನೋಡುತ್ತಿದ್ದರು.

*ಅಲ್ಲೇ ಅವನ ಸೇತುವೆ ಬರತ್ತೆ. ಎರಡು ಗೋಪುರ, ಹಗ್ಗ, ಅಪ್ಪ ಬಳಿದ ಬಣ್ಣ... ಇದೇ ಕೊನೆಯ ಸಲ.*

ಕೋಪವಿತ್ತು, ನಿಜ. ಆದರೆ ಟಿಲ್ಲಿಯ ಕೋಪ ಮನಸ್ಸಿನಲ್ಲೇ ಉಳಿಯಿತು, ಕೈಗೆ ಇಳಿಯಲಿಲ್ಲ. ಅವನ ಆಕಾಶವನ್ನು ಅವಳು ಮುಟ್ಟಲಿಲ್ಲ. ಎಲ್ಲ ಮಾತನ್ನೂ ತನ್ನ ಜೀವಮಾನದಲ್ಲೇ ಬರೆಯದಷ್ಟು ಸಣ್ಣ ಅಕ್ಷರದಲ್ಲಿ ಬರೆದು, ವೀರರ ಕಾಲಬುಡದಲ್ಲಿ, ಮೂಲೆಮೂಲೆಯಲ್ಲಿ, ಬಸ್ಸಿನಲ್ಲಿ ಗಂಟುಮೂಟೆ ತುರುಕಿದ ಹಾಗೆ ತುರುಕಿದಳು. ಕಣ್ಣು ನೋಯುವವರೆಗೆ ಬರೆದಳು. ಒಂದು ಹಗ್ಗವೂ ಮುಚ್ಚಬಾರದು!

ಪುಟಗಳನ್ನು ಅವನಿಗೆ ಕಳಿಸಿದಳು, ಸೇತುವೆ ಕಟ್ಟಲಿಕ್ಕೆ.

ಅತ್ತ ಎಫ್ರೇನ್ ಅವನ್ನು ಬಿಚ್ಚಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಪೆನ್ಸಿಲನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ, ಪುಟಗಳನ್ನು ಹಾಗೇ ಮಸಿ ಹಚ್ಚಲು ಕಳಿಸಿದ. ಮಾರನೆಯ ದಿನ ಕ್ಯಾಲಿಫೋರ್ನಿಯಾಕ್ಕೆ ಫೋನ್ ಮಾಡಿ ಹೂಂ ಎಂದ.

ಇತ್ತ ಟಿಲ್ಲಿಗೆ ಇದೊಂದೂ ತಿಳಿಯದು.

*

ಮಸಿ ಹಚ್ಚಿದ ಪುಟಗಳು ಶನಿವಾರ ಬೆಳಿಗ್ಗೆ ಕಚೇರಿಗೆ ಬಂದವು. ಮೋ ಕೂಗಿದ ಕೂಗಿಗೆ ಕೆಳಗಿನ ಹಲ್ಲಿನ ರೋಗಿಗಳೂ ಬೆಚ್ಚಿರಬೇಕು.

"ಇದೇನಿದು? ಆಕಾಶದಲ್ಲಿ ಏನೂ ಇಲ್ಲ! ಪ್ರತಿ ಪುಟದಲ್ಲೂ ಬಿಳೀ ತೂತು! ಕೆಳಗೆ ನೋಡಿದ್ರೆ ಮಾತೆಲ್ಲ ಇರುವೆ ಸಾಲಿನ ಹಾಗೆ! ಟಿಲ್ಲಿ!"

ಟಿಲ್ಲಿ ಪುಟ ನೋಡಿದಳು. ಸೇತುವೆ ಇರಲಿಲ್ಲ. ಕಾಲಡಿಯಲ್ಲಿ ಒಂದಿಷ್ಟು ಕಂಬಿ, ಅಷ್ಟೇ. ಅವಳು ಕಣ್ಣು ನೋಯಿಸಿಕೊಂಡು ಉಳಿಸಿದ ಆಕಾಶದಲ್ಲಿ ಅವನು ಒಂದು ಗೆರೆಯನ್ನೂ ಎಳೆದಿರಲಿಲ್ಲ!

*ಹೋಗೋನಿಗೆ ಸೇತುವೆ ಯಾಕೆ... ಅಪ್ಪನ ಸೇತುವೆನೇ ಬೇಡವಾಯ್ತು ಅಂದ್ರೆ, ನಾನು ಯಾವ ಲೆಕ್ಕ!*

"ಎಫ್ರೇನ್‌ಗೆ ಹೇಳಿ. ಅವರದೇ ಕೆಲಸ ಬಾಕಿ," ಎಂದಳು, ದನಿ ಒಡೆಯದ ಹಾಗೆ ನೋಡಿಕೊಂಡು.

"ಅವನು ಸೋಮವಾರ ವಿಮಾನ ಹತ್ತೋನು, ಅವನಿಗೇನು ಹೇಳ್ಲಿ? ಇಷ್ಟು ಆಕಾಶ ಖಾಲಿ ಬಿಡೋ ಹಾಗಿದ್ರೆ ನನ್ನ ಕೌಬಾಯ್ ಪುಸ್ತಕಕ್ಕೆ ಬರಬೇಕಿತ್ತು, ಅಲ್ಲಿರೋದೇ ಬರೀ ಆಕಾಶ! ನೀನೇ ಏನಾದ್ರೂ ಮಾಡು ಮಗಳೇ. ಆ ಇರುವೆ ಸಾಲು ಕಿತ್ತು, ದೊಡ್ಡದಾಗಿ ಬರೆದು, ಮೇಲೆ ಅಂಟಿಸು. ತೂತು ಮುಚ್ಚಿದ್ರೆ ಸಾಕು."

ಟಿಲ್ಲಿ ಬೇರೆ ಹಾಳೆಯ ಮೇಲೆ ಮೊದಲ ಮಾತನ್ನು ತನ್ನ ಎಂದಿನ ಅಕ್ಷರದಲ್ಲಿ ಬರೆದಳು. ಗುಳ್ಳೆ ಸುತ್ತಿದಳು. ಬ್ಲೇಡಿನಿಂದ ಕತ್ತರಿಸಿ, ಹಿಂದೆ ಅಂಟು ಸವರಿ, ಖಾಲಿ ಆಕಾಶದ ಮೇಲಿಟ್ಟಳು.

ಸರಿಯಾಗಿ ಕೂತಿತು.

ಇರಲಿ, ಕಾಕತಾಳೀಯ. ಎರಡನೆಯದನ್ನು ಬರೆದಳು. ಅದು ಉದ್ದ ಮಾತು. ಅವಳ ಉದ್ದ ಗುಳ್ಳೆಗಳು ಎಡಕ್ಕೆ ಸ್ವಲ್ಪ ವಾಲುತ್ತವೆ, ಅದು ಅವಳ ಕೈಯ ಗುಣ. ಅಂಟಿಸಿದಳು. ಆಕಾಶ ಕೂಡ ಎಡಕ್ಕೇ ವಾಲಿತ್ತು!

ಟಿಲ್ಲಿಯ ಕೈ ನಡುಗಲಾರಂಭಿಸಿತು. ಕೆಳಗೆ ಡ್ರಿಲ್ ಇರಲಿಲ್ಲ.

ಮೂರನೆಯದು... ನಾಲ್ಕನೆಯದು... ಗುಳ್ಳೆಯ ಸುತ್ತ ಅವಳು ಯಾವಾಗಲೂ ಬಿಡುವ ಅಷ್ಟೇ ಬಿಳಿ ಅಂಚು. ಬಾಲ ಇಳಿಯುವ ಕಡೆ, ಬಾಲಕ್ಕೆ ದಾರಿ ಬಿಟ್ಟು ವಾಲಿದ ತಲೆ. ಆ ಇಬ್ಬರು ವೀರರು ನೋಡುತ್ತಿದ್ದದ್ದು ಸೇತುವೆಯನ್ನಲ್ಲ. ಅವಳ ಅಕ್ಷರ ಬಂದು ಕೂರುವ ಜಾಗವನ್ನು!

ಒಂದೊಂದು ಹಗ್ಗಕ್ಕೂ ಕೂಗಾಡಿದ ಮನುಷ್ಯ, ತನ್ನ ಸೇತುವೆಯ ಮೇಲಿನ ಆಕಾಶವನ್ನೆಲ್ಲ ಅವಳಿಗೆ ಬಿಟ್ಟುಕೊಟ್ಟಿದ್ದ. ಡ್ವೈಟ್‌ನ ಮಾತು ಓದಿ, ಅದು ಟಿಲ್ಲಿಯ ಕೈಯಲ್ಲಿ ಎಷ್ಟಾಗುತ್ತದೆ, ಎತ್ತ ವಾಲುತ್ತದೆ ಎಂದು ಲೆಕ್ಕ ಹಾಕಿ, ಅವಳ ಅಳತೆಗೆ ಆಕಾಶ ಹೊಲಿದಿದ್ದ.

ಮತ್ತು ಅವಳು? ಅದನ್ನು ಮುಟ್ಟದೆ ವಾಪಸ್ ಕಳಿಸಿದ್ದಳು!

"ಅಯ್ಯೋ ದೇವರೇ..." ಎಂದಳು ಜೋರಾಗಿ.

"ಏನಾಯ್ತು? ಹಿಡಿಸ್ತಿಲ್ವಾ?" ಎಂದ ಮೋ.

"ಹಿಡಿಸ್ತಿದೆ!" ಟಿಲ್ಲಿ ಅಳುತ್ತಿದ್ದಳೋ ನಗುತ್ತಿದ್ದಳೋ, ಮೋಗೆ ತಿಳಿಯಲಿಲ್ಲ. "ಎಲ್ಲ ಹಿಡಿಸ್ತಿದೆ, ಅದೇ ಗ್ರಹಚಾರ!"

ಕೊನೆಯ ಪುಟವನ್ನು ಮಾತ್ರ ಕಂಕುಳಲ್ಲಿ ಇರುಕಿಕೊಂಡು ಓಡಿದಳು.

"ಲೇ, ಅದು ಮೂಲ ಪುಟ! ಸೋಮವಾರ ಪ್ರೆಸ್ಸಿಗೆ..." ಮೋ ಮಾತು ಅಲ್ಲಿಗೇ ಬಿಟ್ಟು ಇನ್ನೊಂದು ಮಾತ್ರೆ ಬಾಯಿಗೆ ಹಾಕಿಕೊಂಡ. ಈ ಕಸುಬಿನಲ್ಲಿ ಅಷ್ಟು ವರ್ಷ ಕಳೆದವನಿಗೆ ಕಥೆ ಯಾವ ಪುಟಕ್ಕೆ ಬಂದಿದೆ ಎಂಬುದು ಗೊತ್ತಾಗುತ್ತಿತ್ತು.

*

ಶನಿವಾರ ಮಧ್ಯಾಹ್ನ ತಾನು ಎಲ್ಲಿ ನಿಂತು ಚಿತ್ರ ಬರೆಯುತ್ತೇನೆಂದು ಅವನು ಮೆಟ್ಟಿಲ ಮೇಲೆ ಕೂತಾಗಲೇ ಹೇಳಿದ್ದ. ಜಾರ್ಜ್ ವಾಷಿಂಗ್ಟನ್ ಸೇತುವೆಯ ಕಾಲುದಾರಿ. ಪಕ್ಕದಲ್ಲಿ ಲಾರಿಗಳು ಗರ್ಜಿಸುತ್ತಿದ್ದವು, ಕೆಳಗೆ ಹಡ್ಸನ್ ಹೊಳೆಯುತ್ತಿತ್ತು. ಕಂಕುಳಲ್ಲಿದ್ದ ಆ ರಟ್ಟಿನ ಪುಟ ಗಾಳಿಪಟದ ಹಾಗೆ ಅವಳನ್ನೇ ಎಳೆಯುತ್ತಿತ್ತು.

ಅವನು ಕಂಬಿಗೆ ಒರಗಿ ನಿಂತಿದ್ದ. ಕೈಯಲ್ಲಿ ಪೆನ್ಸಿಲ್ ಇರಲಿಲ್ಲ.

"ರೀ ಮಿಸ್ಟರ್!" ಟಿಲ್ಲಿ ಕೂಗಿದಳು. "ನನ್ನ ಆಕಾಶ ಎಲ್ಲಿ?"

ಎಫ್ರೇನ್ ಬೆಚ್ಚಿ ತಿರುಗಿದ.

"ನಿಮ್ಮನ್ನೇ ಕೇಳ್ತಿರೋದು! ನಂಗೆ ಅಂತ ಆಕಾಶ ಬಿಟ್ಟು, ನಂಗೇ ಯಾಕೆ ಹೇಳಲಿಲ್ಲ?"

"ಹೇಳಬೇಕಿತ್ತಾ?" ಅವನ ದನಿ ಲಾರಿಯ ಸದ್ದಿನಲ್ಲಿ ಅರ್ಧ ಮುಳುಗಿತು. "ನೀವು ದಿನಾ ನೋಡೋದೇ ಅದನ್ನಲ್ವಾ, ಮಾತಿಗೆ ಜಾಗ ಎಲ್ಲಿದೆ ಅಂತ? ನೋಡಿದ ತಕ್ಷಣ ಗೊತ್ತಾಗತ್ತೆ ಅಂದ್ಕೊಂಡೆ. ವಾಪಸ್ ಬಂದಾಗ ನೋಡಿದ್ರೆ ಎಲ್ಲ ಮೂಲೆಗೆ ತುರುಕಿದ್ರಿ. ಬೇಗ ಮುಗಿದ್ರೆ ಸಾಕು ಅನ್ನೋ ಹಾಗೆ. ಸರಿ, ಇವರಿಗೆ ಬೇಡ ಅಂದ್ಕೊಂಡೆ."

"ನಿಮ್ಮ ಸೇತುವೆಗೆ ಜಾಗ ಬಿಟ್ಟೆ ಕಣ್ರೀ! ಕೊನೆಯ ಸಲ ಒಂದು ಹಗ್ಗವೂ ಮುಚ್ಚಬಾರದು ಅಂತ! ಆ ಇರುವೆ ಅಕ್ಷರ ಬರೆದು ನನ್ನ ಕಣ್ಣು ಇನ್ನೂ ಉರೀತಿದೆ, ನೋಡಿ!"

ಅವನು ನೋಡಿದ. ಕಣ್ಣು ಕೆಂಪಗಿತ್ತು. ಅದಕ್ಕೆ ಅಕ್ಷರವೊಂದೇ ಕಾರಣವಲ್ಲ.

ಆಮೇಲೆ ಎಫ್ರೇನ್ ನಗಲಾರಂಭಿಸಿದ. ಕಂಬಿ ಹಿಡಿದು, ಬಗ್ಗಿ ನಕ್ಕ.

"ಅಂದ್ರೆ... ನಾನು ನಿಂಗೆ ಅಂತ ಬಿಟ್ಟೆ. ನೀನು ನಂಗೆ ಅಂತ ಬಿಟ್ಟೆ. ಮೋ ಪಾಲಿಗೆ ತೂತು ಬಿತ್ತು!"

ನೀವು ಹೋಗಿ ನೀನು ಬಂದದ್ದನ್ನು ಅವನು ಗಮನಿಸಲಿಲ್ಲ. ಟಿಲ್ಲಿ ಗಮನಿಸಿದಳು.

*ಮೊದಲು ತಪ್ಪು ತಿಳ್ಕೊಂಡು ಹೊಡೆದಾಡ್ತಾರೆ... ಆಮೇಲೆ ತಾನೇ ಗೊತ್ತಾಗೋದು, ಇಬ್ಬರೂ ಒಂದೇ ಕಡೆಯೋರು ಅಂತ.* ಅತ್ತೆಗೆ ಹೇಳಬೇಕು. ಅಲ್ಲ, ಅತ್ತೆಗೆ ಇದು ಗೊತ್ತಿದ್ದದ್ದೇ.

"ಮತ್ತೆ ಕ್ಯಾಲಿಫೋರ್ನಿಯಾ?" ಎಂದಳು. ಇಷ್ಟು ಹೊತ್ತು ಅವಳು ಓಡಿ ಬಂದದ್ದು ಈ ಒಂದು ಪ್ರಶ್ನೆಗೆ. "ಹೂಂ ಅಂದಿದ್ದೀಯಂತೆ."

"ಅಂದಿದ್ದೀನಿ."

ಗಾಳಿ ಬೀಸಿತು. ಹಗ್ಗಗಳು ಗುಂಯ್ ಎಂದವು.

"ಟಿಲ್ಲಿ, ಅಲ್ಲಿ ಚಿತ್ರಗಳು ತಾವೇ ಮಾತಾಡ್ತವೆ. ಆಕಾಶದಲ್ಲಿ ಯಾರಿಗೂ ಜಾಗ ಬಿಡಬೇಕಾಗಿಲ್ಲ." ಅವನು ನಿಧಾನವಾಗಿ ಹೇಳಿದ. "ನಿಂಗೆ ಬೇಡ ಅಂದ್ಕೊಂಡಾಗ ಅದೇ ಒಳ್ಳೇದು ಅನ್ಸಿತ್ತು. ಈಗ... ಅಂಥ ಕಡೆ ಕೂತು ನಾನೇನು ಬರೀಲಿ? ಒಂದು ಫೋನ್ ಬೂತ್ ಹುಡುಕಬೇಕು. ಇಲ್ಲ ಅಂತ ಹೇಳೋಕೆ."

"ನ್ಯೂಯಾರ್ಕಲ್ಲಿ ಕೆಲಸ ಮಾಡೋ ಫೋನ್ ಬೂತಾ? ಸೂಪರ್ ಹೀರೋಗೂ ಸಿಗಲ್ಲ," ಎಂದಳು ಟಿಲ್ಲಿ, ಮೂಗು ಒರೆಸಿಕೊಳ್ಳುತ್ತ. "ಮೋ ಹತ್ರ ಕೌಬಾಯ್ ಪುಸ್ತಕ ಇದೆಯಂತೆ. ಬರೀ ಆಕಾಶಾನೇ ಅಂತೆ."

"ನಂಗೆ ಕುದುರೆ ಬರಿಯೋಕೆ ಬರಲ್ಲ."

"ಕಾಲು ಕಾಣದ ಹಾಗೆ ಗುಳ್ಳೆ ಕೂರಿಸ್ತೀನಿ, ಬಿಡು."

ಅವಳು ರಟ್ಟು ತಿರುಗಿಸಿದಳು. ಗಾಳಿಗೆ ಹಾರದಂತೆ ಇಬ್ಬರೂ ಒಂದೊಂದು ತುದಿ ಹಿಡಿದರು. ಕೊನೆಯ ಪುಟದ ಕೊನೆಯ ಚಿತ್ರ. ಗಂಟೆವೀರ ಮತ್ತು ಕನ್ನಡಿಕನ್ಯೆ, ಪಕ್ಕಪಕ್ಕದಲ್ಲಿ. ಅವಳು ಅವನ ಭುಜದವರೆಗೆ ಬರುತ್ತಿದ್ದಳು.

ಮೇಲೆ ಆಕಾಶ ಖಾಲಿ.

"ಡ್ವೈಟ್ ಬರೆದ ವಿದಾಯ ಏನಾಯ್ತು?"

"ಅದನ್ನ ಮತ್ತೆ ಅಂಟಿಸಲಿಲ್ಲ; ಕೆಳಗಿರೋ ಇರುವೆ ಸಾಲನ್ನೂ ಅಳಿಸ್ತೀನಿ. ಮುಂದಿನ ತಿಂಗಳು ಅತಿಥಿ ಬರಲ್ಲ, ಪುಸ್ತಕವೇ ಇಲ್ಲ. ಮತ್ತೆ ಇವರು ಯಾಕೆ ಬೇರೆಯಾಗಬೇಕು?" ಟಿಲ್ಲಿ ಚೀಲದಿಂದ ಪೆನ್ನು ತೆಗೆದಳು. "ಒಂದು ಗುಳ್ಳೆ ಸಾಕು, ಚಿಕ್ಕದು. ಉಳಿದ ಜಾಗದಲ್ಲಿ ನೀನು ಸೇತುವೆ ಬರಿ. ಎಲ್ಲ ಹಗ್ಗಾನೂ."

"ಏನು ಮಾತು?"

"ಗಂಟೆವೀರ ಕೇಳ್ತಾನೆ: 'ನಿನ್ನ ದಾರಿ ಯಾವ ಕಡೆ?' ಅದನ್ನ ಬರೆಯೋದು ಬೇಡ, ಅವನ ಮುಖದಲ್ಲೇ ಇದೆ. ನೀನೇ ಬರೆದಿದ್ದೀಯಲ್ಲ."

"ಸರಿ. ಅವಳೇನಂತಾಳೆ?"

ಟಿಲ್ಲಿ ಕಂಬಿಯ ಮೇಲೆ ರಟ್ಟು ಒರಗಿಸಿ, ಗಾಳಿಗೆ ಬೆನ್ನು ಕೊಟ್ಟು, ತುಟಿ ಕಚ್ಚಿಕೊಂಡು ಬರೆದಳು. ಇಷ್ಟು ದಿನ ಬೇರೆಯವರ ಮಾತು ಬರೆದ ಕೈ ಮೊದಲ ಸಲ ತನ್ನದೊಂದು ಮಾತು ಬರೆಯಿತು. ಗೆರೆ ಸ್ವಲ್ಪ ನಡುಗಿತು. ಅವಳು ತಿದ್ದಲಿಲ್ಲ.

ಎಫ್ರೇನ್ ಅವಳ ಭುಜದ ಮೇಲಿಂದ ಬಗ್ಗಿ ಓದಿದ. "'ನೀನು ಯಾವ ಕಡೆಗೋ, ಆ ಕಡೆ.'"

ಅವನು ಮತ್ತೊಮ್ಮೆ ಓದಿದ. ದನಿ ತಗ್ಗಿತು.

"ಟಿಲ್ಲಿ... ಇದು ಕನ್ನಡಿಕನ್ಯೆ ಹೇಳೋದಾ, ನೀನು ಹೇಳೋದಾ?"

ಗುಳ್ಳೆಗೆ ಇನ್ನೂ ಬಾಲ ಎಳೆದಿರಲಿಲ್ಲ. ಟಿಲ್ಲಿ ಪೆನ್ನೆತ್ತಿ ರಟ್ಟಿನ ಅಂಚಿನವರೆಗೆ ಒಂದು ಗೆರೆ ತಂದಳು. ಅಂಚು ದಾಟಿ, ಗಾಳಿಯಲ್ಲೇ ಮುಂದುವರಿಸಿ, ತನ್ನ ತುಟಿಯ ಹತ್ತಿರ ನಿಲ್ಲಿಸಿದಳು.

"ಬಾಲ ಯಾರ ಕಡೆಗಿದೆ, ನೋಡ್ಕೊ."